ಅಕ್ಷರವಿಲ್ಲದ ಗುಂಡಿ

"ಹನ್ನೊಂದು ನಿಮಿಷ," ಎಂದ ಮಗ. "ಮಂಗಳವಾರ ಬೆಳಿಗ್ಗೆ, ಹತ್ತೂಕಾಲಿಂದ ಹತ್ತು ಇಪ್ಪತ್ತಾರು. ಎಲ್ಲಿ ಹೋಗಿದ್ದೆ?"

"ಬಚ್ಚಲಿಗೆ," ಎಂದಳು ಸೊಸೆ.

"ಹನ್ನೊಂದು ನಿಮಿಷ?"

"ಹೌದು. ಅಲ್ಲೂ ಒಂದು ಮೆಷಿನ್ ಕೂರಿಸಿ. ಒಳಗೆ ಏನೇನಾಯ್ತು ಅಂತ ಅದೇ ಬರೆದು ನಿಮ್ಮ ಆಸ್ಪತ್ರೆಯವರಿಗೆ ಕಳಿಸಲಿ."

"ನಾಲಿಗೆ ಬಿಗಿ ಹಿಡಿದು ಮಾತಾಡು. ಊಟಕ್ಕೆ ಕೂತಿದೀವಿ."

"ಊಟಕ್ಕೆ ಕೂತಾಗ ಬಚ್ಚಲ ಮಾತು ತೆಗೆದದ್ದು ನಾನಾ?"

ಸೊಸೆ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಏಳು ವರ್ಷದ ಪುಟ್ಟಿ ಅಪ್ಪನ ಮುಖ ನೋಡಿ, ಅಮ್ಮನ ಮುಖ ನೋಡಿ, ಕೊನೆಗೆ ತಟ್ಟೆ ನೋಡುತ್ತ ಕೂತಳು. ಅಜ್ಜ ಬ್ರೆಡ್ಡನ್ನು ಹಾಲಿಗೆ ಅದ್ದುತ್ತ, ನಲವತ್ತು ವರ್ಷ ತಾನು ಗಡಿಯಾರಗಳನ್ನು ರಿಪೇರಿ ಮಾಡಿದೆ, ಮನುಷ್ಯರನ್ನು ರಿಪೇರಿ ಮಾಡಲು ಹೊರಟ ಗಡಿಯಾರವನ್ನು ಈಗಲೇ ನೋಡುತ್ತಿರುವುದು ಎಂದ. ಯಾರೂ ನಗಲಿಲ್ಲ. ಅಜ್ಜಿ ಎದ್ದು ಎಲ್ಲರ ತಟ್ಟೆಗೂ ಆಲೂಗಡ್ಡೆ ಬಡಿಸಿದಳು. ಜಗಳ ಹತ್ತಿದಾಗ ಬಡಿಸುವುದೊಂದೇ ಅವಳಿಗೆ ಗೊತ್ತಿದ್ದ ಉಪಾಯ. ಬಾಯಿ ತುಂಬಿದ್ದರೆ ಮಾತು ಕಡಿಮೆಯಾದೀತು ಎಂದು ಅವಳ ಎಣಿಕೆ. ಆ ಎಣಿಕೆ ಈ ಮನೆಯಲ್ಲಿ ಒಂದು ಸಲವೂ ಸರಿಬಂದಿರಲಿಲ್ಲ.

ಇದು ಭಾನುವಾರದ ಊಟ. ಭಾನುವಾರ ಬಂತೆಂದರೆ ಮಗ ವಾರದ ವರದಿಯನ್ನು ಕಾಗದದ ಮೇಲೆ ತೆಗೆದು, ಓದುತ್ತ ಉಣ್ಣುತ್ತಿದ್ದ. ಸೊಸೆ ಯಾವ ದಿನ ಎಷ್ಟು ಹೊತ್ತಿಗೆ ಕೂತಳು, ಎಷ್ಟು ಹೊತ್ತಿಗೆ ಎದ್ದಳು, ನಡುವೆ ಎಷ್ಟು ಸಲ ಕೈ ನಿಲ್ಲಿಸಿದಳು, ಎಲ್ಲ ಅದರಲ್ಲಿ ಇರುತ್ತಿತ್ತು. ಅವಳು ಎಷ್ಟು ಸಲ ಒಲೆ ಹಚ್ಚಿದಳು, ಎಷ್ಟು ಬಟ್ಟೆ ಹಿಂಡಿದಳು ಎಂಬುದು ಇರುತ್ತಿರಲಿಲ್ಲ.

ಕೆಲಸ ಇಂಥದು. ಊರಿನ ಹಳೆಯ ಹೆರಿಗೆ ಆಸ್ಪತ್ರೆಯಲ್ಲಿ ಐವತ್ತು ವರ್ಷಗಳ ಜನನ ದಾಖಲೆ ದಪ್ಪ ದಪ್ಪ ರಿಜಿಸ್ಟರುಗಳಲ್ಲಿ ಕೈಬರಹದಲ್ಲಿ ಇತ್ತು. ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಮಗ ಕೆಲಸ ಮಾಡುತ್ತಿದ್ದ ಮುದ್ರಣಾಲಯಕ್ಕೆ ಬೀಗ ಬಿದ್ದ ಮೇಲೆ ಅಲ್ಲಿ ಇಲ್ಲಿ ಓಡಾಡಿ ಈ ಕೆಲಸ ಹಿಡಿದು ತಂದಿದ್ದ. ರಿಜಿಸ್ಟರು ತರುವುದು, ಹಾಳೆಗಳ ಫೋಟೋ ತೆಗೆಯುವುದು, ತಪ್ಪು ತಿದ್ದುವುದು, ಕೊಂಡೊಯ್ದು ಒಪ್ಪಿಸುವುದು ಅವನ ಪಾಲು. ಟೈಪು ಮಾಡುವುದು ಹೆಂಡತಿಯದು. ಮದುವೆಗೆ ಮುಂಚೆ ಅವಳು ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚಿನವಳಾಗಿದ್ದಳು. ಅವಳ ಬೆರಳು ಓಡುವುದನ್ನು ನೋಡುತ್ತ ನಿಂತರೆ ಅಜ್ಜಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯವರು ವಾರಕ್ಕೆ ನಲವತ್ತು ಗಂಟೆ ಎಂದು ಒಪ್ಪಂದ ಮಾಡಿದ್ದರು. ನಲವತ್ತು ಗಂಟೆಗೆ ಸಾಕ್ಷಿ ಬೇಕೆಂದೂ ಬರೆದಿದ್ದರು. ಆ ಸಾಕ್ಷಿಗಾಗಿ ಮಗ ಕಂಪ್ಯೂಟರಿನಲ್ಲಿ ಹೊತ್ತು ಎಣಿಸುವ ಸಾಫ್ಟ್‌ವೇರ್ ಕೂರಿಸಿದ. ಕೆಲಸ ನಡೆಯುತ್ತಿದ್ದರೆ ಸ್ಕ್ರೀನಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ. ಮೂರು ನಿಮಿಷ ಯಾವ ಗುಂಡಿಯನ್ನೂ ಒತ್ತದಿದ್ದರೆ, ಮೌಸ್ ಅಲುಗದಿದ್ದರೆ ಚುಕ್ಕಿ ಕೆಂಪಗಾಗಿ ಎಣಿಕೆ ನಿಲ್ಲುತ್ತದೆ. ಅಜ್ಜ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟ. ಹೆಸರು ಮನೆಯಲ್ಲಿ ನಿಂತುಬಿಟ್ಟಿತು. "ಅಮ್ಮ, ಮೇಸ್ತ್ರಿ ಕೆಂಪಾದ," ಎಂದು ಪುಟ್ಟಿ ನಡುಮನೆಯಿಂದ ಕೂಗಿದರೆ ಸೊಸೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡುವಳು.

ಅದರ ಜೊತೆಗೆ ಇನ್ನೊಂದನ್ನೂ ಕೂರಿಸಿದ. ಟೈಪು ಮಾಡಿದ್ದರ ನಕಲನ್ನು ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆಗೆ ತಾನಾಗಿಯೇ ತುಂಬುವ ಸಾಫ್ಟ್‌ವೇರ್. ಬ್ಯಾಕಪ್ಪು ಎಂದ ಮಗ. ಅಜ್ಜನಿಗೆ ಅದು ಬ್ಯಾಕಪ್ಪ ಎಂದು ಕೇಳಿಸಿತೋ, ಬೇಕೆಂದೇ ಹಾಗೆಂದನೋ. "ಈ ಮನೇಲಿ ಹಿಂದೆ ನಿಂತಿರೋ ಅಪ್ಪ ನಾನೇ. ನನ್ನ ಬಿಟ್ಟು ಇನ್ನೊಬ್ಬ ಬ್ಯಾಕಪ್ಪ ಯಾಕಪ್ಪಾ ನಿನಗೆ?" ಎಂದ. ಆ ದಿನ ಎಲ್ಲರೂ ನಕ್ಕಿದ್ದರು, ಸೊಸೆ ಕೂಡ. ಮಗ ನಗುತ್ತಲೇ ಪೆಟ್ಟಿಗೆ ಕೂರಿಸಿದ. ಅಜ್ಜಿ ಚಹಾ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹಳೆಯ ನಕಲುಗಳನ್ನು ಎಷ್ಟು ದಿನ ಇಡಬೇಕು ಎಂದು ಸ್ಕ್ರೀನು ಕೇಳಿತು. ಮಗ ಅದನ್ನು ಜೋರಾಗಿ ಓದಿ, ಹಳೇದೆಲ್ಲ ಯಾಕೆ, ಜಾಗ ತಿನ್ನತ್ತೆ, ಹೊಸದೊಂದು ಇದ್ದರೆ ಸಾಕು ಎಂದು ತಾನೇ ಹೇಳಿಕೊಂಡು ಗುಂಡಿ ಒತ್ತಿದ. ಅಜ್ಜಿಗೂ ಅದು ಸರಿಯಾಗಿಯೇ ಕಂಡಿತು. ಒಂದು ಪಾತ್ರೆ ಸಾಲುವಲ್ಲಿ ಎರಡು ಯಾಕೆ?

ಕಂಪ್ಯೂಟರು ಬಂದ ದಿನವೇ ಅಜ್ಜನ ರಿಪೇರಿ ಮೇಜು ನಡುಮನೆಯ ಕಿಟಕಿಯಿಂದ ಹಿಂದಿನ ಜಗಲಿಗೆ ಹೋಯಿತು. ಬೆಳಕು ಕಡಿಮೆ ಎಂದು ಅಜ್ಜ ಗೊಣಗಿದ. ಒಂದು ಸಂಜೆ ಅವನು ಸ್ಕ್ರೀನಿನ ಹಿಂದಿನ ತಂತಿಯನ್ನು ಬಗ್ಗಿ ನೋಡುತ್ತಿದ್ದಾಗ ಮಗ ಬಂದು, ಮೆಷಿನ್ನಿಗೆ ಕೈ ಹಚ್ಚಿದವರು ಈ ಕೋಣೆಗೆ ಕಾಲಿಡಬೇಕಾಗಿಲ್ಲ ಎಂದು ಬೀದಿಗೆ ಕೇಳುವಂತೆ ಕಿರುಚಿದ. ಆಮೇಲೆ ಅಜ್ಜ ನಡುಮನೆಗೆ ಬಂದದ್ದು ಊಟದ ಹೊತ್ತಿಗೆ ಮಾತ್ರ. ಎಪ್ಪತ್ತು ದಾಟಿದ ಗಂಡ ಜಗಲಿಯಲ್ಲಿ ಒಂಟಿ ಬಲ್ಬಿನ ಕೆಳಗೆ ಕೂತಿರುವುದನ್ನು ಅಜ್ಜಿ ದಿನವೂ ನೋಡುತ್ತಿದ್ದಳು. ತನ್ನ ಸರದಿ ಬಂದರೆ ಹೋಗಲು ಜಗಲಿಯಲ್ಲೂ ಜಾಗವಿಲ್ಲ ಎಂದುಕೊಳ್ಳುತ್ತಿದ್ದಳು.

ಹಾಗಿದ್ದೂ ಅವಳು ಮೆಷಿನ್ನಿಗೆ ಕೈ ಹಚ್ಚಿದಳು. ಶುರುವಾದದ್ದು ಮೌಸಿನಿಂದ. ಸೊಸೆ ಹಾಲು ಉಕ್ಕಿತೆಂದು ಓಡಿದಾಗ ಅಜ್ಜಿ ಬಂದು, ಅತ್ತ ಇತ್ತ ನೋಡಿ, ಮೌಸನ್ನು ಒಂದು ಸಲ ಜರುಗಿಸಿದಳು. ಚುಕ್ಕಿ ಹಸಿರಾಗಿಯೇ ಉಳಿಯಿತು. ಸೊಸೆ ಬಾಗಿಲಲ್ಲಿ ನಿಂತು ನೋಡಿ, ತುಟಿ ಕಚ್ಚಿ ನಕ್ಕಳು. ಅಂದಿನಿಂದ ಅತ್ತೆ ಸೊಸೆಗೆ ಅದೊಂದು ಗುಟ್ಟು. ಹದಿನೈದು ವರ್ಷ ಉಪ್ಪು ಹೆಚ್ಚಾಯಿತು ಖಾರ ಕಡಿಮೆಯಾಯಿತು ಎಂದು ಜಗಳವಾಡಿಕೊಂಡು ಬಂದ ಇಬ್ಬರು ಹೆಂಗಸರನ್ನು ಮೇಸ್ತ್ರಿ ಒಂದು ಮಾಡಿದ.

"ಅತ್ತೆ, ಎರಡು ನಿಮಿಷ ನೋಡ್ಕೊಳ್ತೀರಾ?"

"ಹೋಗು, ನಿನ್ನ ಮೇಸ್ತ್ರಿಗೆ ನಾನು ಜೋಗುಳ ಹಾಡ್ತೀನಿ."

ಮಧ್ಯಾಹ್ನ ಮೂರೂವರೆಗೆ ಸೊಸೆ ಪುಟ್ಟಿಯನ್ನು ಕರೆತರಲು ಶಾಲೆಗೆ ಹೋಗುವುದು ಮಾತ್ರ ಒಪ್ಪಿಗೆಯಾದ ಬಿಡುವು. ಹೊರಡುವಾಗ ಅವಳು ಚಪ್ಪಲಿ ಮೆಟ್ಟುತ್ತ "ಬರ್ತೀನಿ ಅತ್ತೆ" ಎನ್ನುವಳು. ಪುಟ್ಟಿ ಬೆಳಿಗ್ಗೆ ಅವಸರದಲ್ಲಿ "ಹೋಗ್ತೀನಿ ಅಜ್ಜಿ" ಎಂದರೆ ಅಜ್ಜಿ ಅವಳನ್ನು ಹೊಸ್ತಿಲಿಂದ ವಾಪಸು ಕರೆಯುವಳು. "ಹೋಗ್ತೀನಿ ಅಂತಾರೇನೇ ಮನೆ ಬಿಟ್ಟು ಹೊರಡೋವಾಗ? ಬರ್ತೀನಿ ಅನ್ನು." ಪುಟ್ಟಿ ಮುಖ ಊದಿಸಿ ಬರ್ತೀನಿ ಬರ್ತೀನಿ ಬರ್ತೀನಿ ಎಂದು ಮೂರು ಸಲ ಕಿರುಚಿ ಓಡುವಳು.

ಮೂರನೆಯ ರಿಜಿಸ್ಟರು ಮುಗಿಯುತ್ತ ಬಂದಿದ್ದಾಗ ಸೊಸೆಗೆ ಜ್ವರ ಬಂತು. ಸೋಮವಾರ ಮೈ ಕಾದಿತ್ತು, ಮಂಗಳವಾರ ನಡುಗುತ್ತಿದ್ದಳು. ಆದರೂ ಕೂತಳು. ಕೂತಳೆಂದರೆ ಮಗ ಕೂರಿಸಿದನೆಂದೇ ಹೇಳಬೇಕು. ನಲವತ್ತು ಗಂಟೆ ತುಂಬದಿದ್ದರೆ ನಾಲ್ಕನೆಯ ರಿಜಿಸ್ಟರು ಬೇರೆಯವರಿಗೆ ಹೋಗುತ್ತದೆ, ಕೆಲಸ ಕೇಳಿಕೊಂಡು ಇಬ್ಬರು ಆಗಲೇ ಆಸ್ಪತ್ರೆಯ ಬಾಗಿಲು ತಟ್ಟುತ್ತಿದ್ದಾರೆ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅದು ಸುಳ್ಳಲ್ಲ. ಅವನೂ ಹೆದರಿದ್ದ. ಹೆದರಿದ ಗಂಡಸಿನ ಬಾಯಿಂದ ಬರುವುದೆಲ್ಲ ಬೈಗುಳವಾಗಿಯೇ ಬರುತ್ತದೆ.

ಗುರುವಾರ ಅವನು ಆಸ್ಪತ್ರೆಗೆ ಹೋಗಿದ್ದ. ಸೊಸೆ ಎರಡು ಚಮಚ ಗಂಜಿ ಕುಡಿದು ಮತ್ತೆ ಕೂತಳು. ಮಧ್ಯಾಹ್ನ ಎರಡು ಹೊಡೆದು ಸ್ವಲ್ಪ ಹೊತ್ತಾದಾಗ ಅಜ್ಜಿ ಬಂದು ನೋಡಿದರೆ ಕೈ ಗುಂಡಿಗಳ ಮೇಲೆ, ತಲೆ ಎದೆಯ ಮೇಲೆ. ಅಜ್ಜಿ ಅವಳ ಹಣೆ ಮುಟ್ಟಿ ನೋಡಿದಳು. ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದು ಮಲಗಿಸಿದಳು.

"ಮೇಸ್ತ್ರಿ, ಅತ್ತೆ," ಎಂದಳು ಸೊಸೆ ಕಣ್ಣು ಮುಚ್ಚಿಕೊಂಡೇ.

"ನಾನಿದೀನಲ್ಲ. ಮಲಕ್ಕೋ."

ಅರ್ಧ ಗಂಟೆ ಮೌಸ್ ಅಲುಗಿಸುತ್ತ ಕೂರಲು ಅಜ್ಜಿಗೆ ಬಿಡುವಿರಲಿಲ್ಲ. ಒಲೆಯ ಮೇಲೆ ಬೇಳೆ ಇತ್ತು, ಹಿತ್ತಲಲ್ಲಿ ಬಟ್ಟೆ ನೆನೆದಿತ್ತು. ಅವಳು ಜಗಲಿಗೆ ಹೋದಳು. ಅಜ್ಜ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೇಜಿನ ಮೇಲೆ ಬಿಚ್ಚಿಟ್ಟ ಗೋಡೆ ಗಡಿಯಾರವೊಂದರ ಹಿತ್ತಾಳೆಯ ತೂಕ ಇತ್ತು. ಸರಪಳಿಗೆ ಕಟ್ಟಿ ಇಳಿಬಿಟ್ಟರೆ ಗಡಿಯಾರವನ್ನು ಎಂಟು ದಿನ ನಡೆಸುವ ತೂಕ. ಅದನ್ನು ಎತ್ತಿಕೊಂಡು ಬಂದಳು.

ಯಾವ ಗುಂಡಿಯ ಮೇಲೆ ಇಡುವುದೆಂದು ಅವಳು ಬಹಳ ಯೋಚಿಸಿದಳು. ಗಡಿಬಿಡಿಯಲ್ಲಿ ಎಲ್ಲೋ ಇಟ್ಟಳೆಂದು ಯಾರೂ ಅನ್ನಬಾರದು. ನಾಲ್ಕನೇ ತರಗತಿ ಓದಿದವಳು, ಅಕ್ಷರ ಬರುತ್ತಿತ್ತು. ಅಕ್ಷರದ ಗುಂಡಿಯ ಮೇಲೆ ಇಟ್ಟರೆ ಆ ಅಕ್ಷರ ಸಾಲುಗಟ್ಟಲೆ ಬಿದ್ದು ಸೊಸೆಯ ಬರಹ ಕೆಡುತ್ತದೆ. ಅಂಕಿಯ ಗುಂಡಿಯೂ ಹಾಗೆಯೇ. ಕೆಳಗಿನ ಉದ್ದನೆಯದು ಜಾಗ ಬಿಡಿಸುತ್ತದೆಂದು ಅವಳು ನೋಡಿದ್ದಳು. ಮೇಲೆ ಬಲಮೂಲೆಯಲ್ಲಿ ಒಂದು ಅಗಲವಾದ ಗುಂಡಿ ಇತ್ತು. ಅಕ್ಷರವಿಲ್ಲ, ಅಂಕಿಯಿಲ್ಲ, ಎಡಕ್ಕೆ ನೋಡುವ ಒಂದು ಬಾಣ ಅಷ್ಟೇ. ಸೊಸೆಯ ಕಿರುಬೆರಳು ಗಳಿಗೆಗೊಮ್ಮೆ ಅಲ್ಲಿಗೆ ಹೋಗಿ ಬರುತ್ತಿತ್ತು. ಅಷ್ಟು ಸಲ ಮುಟ್ಟುವ ಗುಂಡಿ ಕೆಟ್ಟದ್ದಿರಲಾರದು. ಅಕ್ಷರವೇ ಇಲ್ಲದ ಗುಂಡಿ ಏನನ್ನು ತಾನೇ ಬರೆದೀತು? ಅಜ್ಜಿ ತೂಕವನ್ನು ಅದರ ಮೇಲೆ ನಿಲ್ಲಿಸಿದಳು. ಚುಕ್ಕಿ ಹಸಿರಾಗಿ ನಿಂತಿತು. ಕರೆಂಟು ಯಾಕೆ ದಂಡ ಎಂದು, ಮಗ ಮಾಡುತ್ತಿದ್ದಂತೆಯೇ ಸ್ಕ್ರೀನನ್ನು ಮಾತ್ರ ಆರಿಸಿ ಅಡುಗೆಮನೆಗೆ ಹೋದಳು.

ಅವಳು ಎಣಿಸಿದ್ದು ಸರಿಯೇ. ಗುಂಡಿ ಏನನ್ನೂ ಬರೆಯಲಿಲ್ಲ. ಬರೆದದ್ದನ್ನು ಅಳಿಸುತ್ತ ಹೋಯಿತು. ಕೊನೆಯ ಹೆರಿಗೆಯಿಂದ ಹಿಂದಕ್ಕೆ ಒಂದೊಂದೇ ಅಕ್ಷರ: ಮಗುವಿನ ತೂಕ, ಹೆಣ್ಣೋ ಗಂಡೋ, ತಾಯಿಯ ಹೆಸರು, ಹುಟ್ಟಿದ ಗಳಿಗೆ, ತಾರೀಖು. ನಿಮಿಷಕ್ಕೊಂದು ಸಲ ಕಂಪ್ಯೂಟರು ಅಳಿದ ಫೈಲನ್ನು ನಿಷ್ಠೆಯಿಂದ ಉಳಿಸಿತು. ಫೈಲು ಬದಲಾದಾಗಲೆಲ್ಲ ಬ್ಯಾಕಪ್ಪ ಹಳೆಯ ನಕಲನ್ನು ಎಸೆದು ಹೊಸದನ್ನು ಇಟ್ಟುಕೊಂಡ. ಅವನಿಗೆ ಹೇಳಿಕೊಟ್ಟದ್ದೇ ಅಷ್ಟು.

ಬೇಳೆ ಇಳಿಸುವಾಗ ಕರೆಂಟು ಹೋಯಿತು. ಫ್ಯಾನು ನಿಂತ ಸದ್ದಿಗೆ ಸೊಸೆ ಒಳಗೆ ಮಗ್ಗುಲು ಬದಲಾಯಿಸಿದಳು. ಅಜ್ಜಿ ಓಡಿ ಬಂದು ತೂಕವನ್ನು ಎತ್ತಿಕೊಂಡಳು. ಜಗಲಿಯಲ್ಲಿ ಅಜ್ಜ ಕೆಮ್ಮುತ್ತ ಎದ್ದದ್ದು ಕೇಳಿ ಅದನ್ನು ಈರುಳ್ಳಿ ಬುಟ್ಟಿಗೆ ಹಾಕಿದಳು. ಆಮೇಲೆ ಮರೆತಳು.

ಆ ದಿನ ಪುಟ್ಟಿಯನ್ನು ಶಾಲೆಯಿಂದ ಅಜ್ಜ ಕರೆತಂದ. ನಾಲ್ಕೂವರೆಗೆ ಕರೆಂಟು ಬಂತು. ಸೊಸೆ ಫೈಲು ತೆರೆದಳು. ಆಸ್ಪತ್ರೆಯ ಹೆಸರಿತ್ತು, ರಿಜಿಸ್ಟರಿನ ನಂಬರಿತ್ತು, ಅದರ ಕೆಳಗೆ ನಲವತ್ತು ಸಾಲು. ಒಂಬೈನೂರ ಹದಿನೆಂಟು ಹೆರಿಗೆ ಇರಲಿಲ್ಲ. ಅವಳು ಫೈಲು ಮುಚ್ಚಿ ತೆರೆದಳು. ಪೆಟ್ಟಿಗೆಯಲ್ಲಿದ್ದ ನಕಲನ್ನು ತೆರೆದಳು. ಅದರಲ್ಲೂ ನಲವತ್ತೇ ಸಾಲು. ಅಷ್ಟರಲ್ಲಿ ಮಗ ಬಂದ.

ಆ ಸಂಜೆಯ ಮಾತುಗಳನ್ನೆಲ್ಲ ಬರೆದು ಪ್ರಯೋಜನವಿಲ್ಲ. ಬೈದ, ಕುರ್ಚಿ ಒದ್ದ, ಪುಟ್ಟಿ ಅಳುತ್ತ ಜಗಲಿಗೆ ಓಡಿ ಅಜ್ಜನ ಮೇಜಿನ ಕೆಳಗೆ ಕೂತಳು. ಆಮೇಲೆ ಮೇಸ್ತ್ರಿಯ ವರದಿ ತೆರೆದ. ಅದನ್ನು ನೋಡಿದ ಮೇಲೆ ಅವನ ದನಿ ತಗ್ಗಿತು. ತಗ್ಗಿದ ದನಿಗೆ ಅಜ್ಜಿ ಹೆಚ್ಚು ಹೆದರುತ್ತಿದ್ದಳು.

"ಎರಡು ಹತ್ತರಿಂದ ಎರಡು ನಲವತ್ನಾಲ್ಕು. ಮೂವತ್ನಾಲ್ಕು ನಿಮಿಷ ಒಂದು ಕ್ಷಣಾನೂ ಕೈ ಬಿಟ್ಟಿಲ್ಲ ನೀನು. ಕರೆಂಟು ಹೋಗೋ ತನಕ ಇಲ್ಲೇ ಕೂತು ಅಳಿಸಿದೀಯ."

"ನಾನು ಮಲಗಿದ್ದೆ."

"ಮಲಗಿದ್ದರೆ ಇದು ಹಸಿರು ಹೇಗೆ?"

"ಗೊತ್ತಿಲ್ಲ. ಮಲಗಿದ್ದೆ ಅಷ್ಟೇ. ಬೇಕಾದರೆ ಅತ್ತೇನ ಕೇಳಿ. ಅತ್ತೆ, ಹೇಳಿ, ನಾನು ಮಲಗಿರಲಿಲ್ವಾ?"

ಅಜ್ಜಿಗೆ ಆಗ ಗೊತ್ತಾಯಿತು. ಬಾಣ, ತೂಕ, ಬಿಳಿ ಹಾಳೆ, ಎಲ್ಲ ಒಂದೇ ಸಲಕ್ಕೆ.

"ಮಲಗಿದ್ಲು ಕಣೋ," ಎಂದಳು.

"ಯಾವಾಗಿಂದ ಯಾವಾಗಿನ ತನಕ?"

"ನಾನೇನು ಗಡಿಯಾರ ನೋಡ್ತಾ ಕೂತಿದ್ನಾ? ಒಲೆ ಮುಂದೆ ಇದ್ದೆ."

ಅಷ್ಟೇ ಹೇಳಿದಳು. ಅದಕ್ಕೆ ವಯಸ್ಸೆಂದೋ ಗಾಬರಿಯೆಂದೋ ಬೇರೆ ಹೆಸರು ಕೊಡುವುದು ಬೇಡ. ಹೇಡಿತನ. ಮಗ ಹೆಂಡತಿಯ ಕಡೆ ತಿರುಗಿ, ಜ್ವರದಲ್ಲಿ ಮೈಮೇಲೆ ಎಚ್ಚರವಿರಲಿಲ್ಲ, ತಾನೇ ಅಳಿಸಿದ್ದು ತನಗೇ ಗೊತ್ತಿಲ್ಲ, ಮೆಷಿನ್ ಸುಳ್ಳು ಹೇಳುವುದಿಲ್ಲ ಎಂದ. ಮಾತು ಅಲ್ಲಿಗೆ ತೀರ್ಮಾನವಾಯಿತು.

ಸೊಸೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಬುಟ್ಟಿ ಎಳೆದುಕೊಂಡಳು. ಅಜ್ಜಿ ಹಿಂದೆಯೇ ಹೋದವಳು ಬಾಗಿಲಲ್ಲೇ ನಿಂತಳು. ಸೊಸೆ ಬುಟ್ಟಿಯೊಳಗಿಂದ ಹಿತ್ತಾಳೆಯ ತೂಕವನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸಿಪ್ಪೆ ಒರೆಸಿ, ಜಗಲಿಗೆ ಹೋಗಿ ಮಾವನ ಮೇಜಿನ ಮೇಲೆ ಇಟ್ಟು ಬಂದಳು. ಅತ್ತೆಯ ಪಕ್ಕದಲ್ಲೇ ಹಾದುಹೋದಳು.

ಮಾರನೆಯ ದಿನ ಕಂಪ್ಯೂಟರ್ ರಿಪೇರಿಯವನು ಬಂದ. ಒಂದು ಗಂಟೆ ಕುಕ್ಕಿ ನೋಡಿ, ಹೋದದ್ದು ಹೋಯಿತು ಎಂದ. ಹಳೆಯ ನಕಲುಗಳನ್ನು ಇಡಲು ಬಿಟ್ಟಿದ್ದರೆ ನಿನ್ನೆ ಬೆಳಗಿನದನ್ನು ಎರಡು ನಿಮಿಷದಲ್ಲಿ ತೆಗೆದುಕೊಡುತ್ತಿದ್ದೆ, ಇದರಲ್ಲಿ ಯಾರೋ ಒಂದೇ ಸಾಕು ಎಂದು ಒತ್ತಿದ್ದಾರೆ ಎಂದ.

"ಯಾರು ಒತ್ತಿದ್ದು ಇದನ್ನ?" ಎಂದು ರಿಪೇರಿಯವನು ಕೇಳಿದ.

"ಅದು ಮೊದಲಿಂದಲೂ ಹಾಗೇ ಇತ್ತು," ಎಂದ ಮಗ.

ಅಜ್ಜಿ ಅವನಿಗೆ ಚಹಾ ಕೊಡುತ್ತಿದ್ದಳು. ಮಗ ತಾಯಿಯ ಮುಖ ನೋಡದೆ ಲೋಟ ತೆಗೆದುಕೊಂಡ. ಆ ಮನೆಯಲ್ಲಿ ಈಗ ಎರಡು ಸುಳ್ಳು ಇದ್ದವು, ಎರಡನ್ನೂ ಹೊತ್ತವಳು ಸೊಸೆ.

ರಿಜಿಸ್ಟರು ಇನ್ನೂ ಮನೆಯಲ್ಲೇ ಇದ್ದುದರಿಂದ ಎಲ್ಲವನ್ನೂ ಮತ್ತೆ ಟೈಪು ಮಾಡುವುದೆಂದಾಯಿತು. ಆದರೆ ಗಂಟೆಗೆ ಸೇರಿಸುವಂತಿಲ್ಲ. ಒಂದೇ ಹೆರಿಗೆಗೆ ಎರಡು ಸಲ ಗಂಟೆ ಯಾರೂ ಕೊಡುವುದಿಲ್ಲ ಎಂದ ಮಗ. ನಲವತ್ತು ಗಂಟೆ ನಾಲ್ಕನೆಯ ರಿಜಿಸ್ಟರಿಗೆ, ಮೂರನೆಯದು ಉಳಿದ ಹೊತ್ತಿನಲ್ಲಿ, ಮೇಸ್ತ್ರಿಯನ್ನು ಆರಿಸಿ. ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ಕೂತಳು. ಊಟವಾದ ಮೇಲೆ ಎಲ್ಲರೂ ಕೈ ತೊಳೆಯುವಾಗ ಹೋಗಿ ಕೂತಳು. ಭಾನುವಾರ ಕೂತಳು. ಹಸಿರು ಚುಕ್ಕಿ ಇಲ್ಲದೆ, ಯಾವ ವರದಿಗೂ ಸೇರದೆ, ಆ ಒಂಬೈನೂರ ಹದಿನೆಂಟು ಕೂಸುಗಳು ಅವಳ ಕೈಯಲ್ಲಿ ಎರಡನೆಯ ಸಲ ಹುಟ್ಟಿದವು.

ಅಜ್ಜಿ ಮನೆಯ ಕೆಲಸವನ್ನೆಲ್ಲ ತಾನೇ ಎಳೆದುಕೊಂಡಳು. ನೀರು ಹೊತ್ತಳು, ಬಟ್ಟೆ ಒಗೆದಳು, ಸೊಂಟ ಹಿಡಿದರೂ ನೆಲ ಒರೆಸಿದಳು. ಸೊಸೆಯ ತಟ್ಟೆಗೆ ಎರಡನೆಯ ಮೊಟ್ಟೆ ಹಾಕಿದಳು. ಸೊಸೆ ಅದನ್ನು ಪುಟ್ಟಿಯ ತಟ್ಟೆಗೆ ದಾಟಿಸಿದಳು. ಮೌಸ್ ಅಲುಗಿಸಲು ಬಂದರೆ ಬೇಡ ಅತ್ತೆ, ನಾನೇ ನೋಡ್ಕೊಳ್ತೀನಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಜ್ಜಿಗೆ ಒಂದು ಹಿಡಿ ಸಿಗುತ್ತಿತ್ತು.

ಒಂದು ಬೆಳಿಗ್ಗೆ ಚಹಾ ಕೊಡಲು ಹೋದಾಗ ಅಜ್ಜಿ ಬಾಯಿ ತೆರೆದಳು. ಹೇಳಿಯೇ ಬಿಡಬೇಕೆಂದು ಬಂದಿದ್ದಳು. ಹೊರಟದ್ದು ಬೇರೆ ಮಾತು.

"ಹುಟ್ಟಿದ ನಿಮಿಷಾನೂ ಬರೆದಿದಾರೇನೇ ಇದರಲ್ಲಿ?"

"ಬರೆದಿದಾರೆ. ಮೂರು ಗಂಟೆ ಹದಿನೇಳು ನಿಮಿಷ, ಹೆಣ್ಣು."

"ತಾಯಿ ಎಷ್ಟು ಹೊತ್ತು ನರಳಿದಳು ಅಂತ?"

"ಅದಕ್ಕೆ ಕಾಲಂ ಇಲ್ಲ ಅತ್ತೆ," ಎಂದಳು ಸೊಸೆ. ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಅಜ್ಜಿ ಲೋಟ ಇಟ್ಟು ಬಂದಳು.

ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ. ಒಂದು ಮಧ್ಯಾಹ್ನ ಗಡಿಯಾರಕ್ಕೆ ತೂಕ ಕಟ್ಟುತ್ತ, ಇದಕ್ಕೆ ಈರುಳ್ಳಿ ವಾಸನೆ ಹತ್ತಿದೆ, ಗಿರಾಕಿ ಕೇಳಿದರೆ ಏನೆನ್ನಲಿ ಎಂದು ಹೆಂಡತಿಯನ್ನು ಕೇಳಿದ. ಆಮೇಲೆ ತೂಕವನ್ನು ಉಜ್ಜಿ ಉಜ್ಜಿ ಒರೆಸಿದ.

ಆರು ವಾರ ಹೀಗೆ ನಡೆಯಿತು. ಮಗನಿಗೆ ಊಟದಲ್ಲಿ ಒಂದು ಹೊಸ ಉಪ್ಪು ಸಿಕ್ಕಿತ್ತು. ಪುಟ್ಟಿಯ ಶೂ ಹರಿದಿದೆ ಎಂದರೆ, ಆವತ್ತು ಅಳಿಸದೇ ಇದ್ದಿದ್ದರೆ ತರಬಹುದಿತ್ತು. ಅಪ್ಪನಿಗೆ ಕಣ್ಣು ತೋರಿಸಬೇಕು ಎಂದರೆ, ಆವತ್ತು ಅಳಿಸದೇ ಇದ್ದಿದ್ದರೆ ನನಗೆ ಬಿಡುವಿರುತ್ತಿತ್ತು. ಸೊಸೆ ಉಣ್ಣುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ, ಉತ್ತರ ಕೊಡುತ್ತಲೂ ಇರಲಿಲ್ಲ. ಮೊದಲಾಗಿದ್ದರೆ ಒಂದಕ್ಕೆರಡು ಎಸೆಯುತ್ತಿದ್ದವಳು. ಅವಳ ಬಾಯಿಯ ಚುರುಕು ಎಲ್ಲಿ ಹೋಯಿತೆಂದು ಅಜ್ಜಿ ಹುಡುಕುತ್ತಿದ್ದಳು, ಕಳೆದ ಚಮಚವನ್ನು ಹುಡುಕುವ ಹಾಗೆ.

ಮೂರನೆಯ ರಿಜಿಸ್ಟರು ಎರಡನೆಯ ಸಲ ಮುಗಿದದ್ದು ಒಂದು ಬುಧವಾರ ಬೆಳಿಗ್ಗೆ. ಮಧ್ಯಾಹ್ನ ಊಟಕ್ಕೆ ನಾಲ್ವರೇ ಇದ್ದರು, ಪುಟ್ಟಿ ಶಾಲೆಯಲ್ಲಿದ್ದಳು. ಸೊಸೆಯ ಬಲಗೈ ಬೆರಳು ಬಾತು ಚಮಚ ಹಿಡಿಯಲಾಗುತ್ತಿರಲಿಲ್ಲ, ಎಡಗೈಯಲ್ಲಿ ಸೂಪು ಕುಡಿಯುತ್ತಿದ್ದಳು. ಎರಡು ದಿನ ಅಕ್ಕನ ಮನೆಗೆ ಹೋಗಿ ಬರುತ್ತೇನೆ, ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ ಎಂದು ಕೇಳಿದಳು. ಬಹಳ ದಿನಗಳ ಮೇಲೆ ಅವಳಾಗಿ ಕೇಳಿದ್ದು ಅದೊಂದೇ.

"ಆವತ್ತು ಅಳಿಸದೇ ಇದ್ದಿದ್ರೆ ಹೋಗಬಹುದಿತ್ತು," ಎಂದ ಮಗ. "ಈಗೆಲ್ಲಿ?"

"ಅಳಿಸಿದ್ದು ನಾನು," ಎಂದಳು ಅಜ್ಜಿ.

ಮಗನಿಗೆ ಅರ್ಥವಾಗಲಿಲ್ಲ. ಅಜ್ಜಿ ಮತ್ತೆ ಹೇಳಿದಳು. ತೂಕದ ವಿಷಯ, ಬಾಣದ ಗುಂಡಿಯ ವಿಷಯ, ಸ್ಕ್ರೀನ್ ಆರಿಸಿದ್ದು, ಈರುಳ್ಳಿ ಬುಟ್ಟಿ. ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು. ಅಜ್ಜ ಚಮಚ ಕೆಳಗಿಟ್ಟ. ಸೊಸೆ ತಲೆ ಎತ್ತಲಿಲ್ಲ.

"ಅವಳಿಗೆ ಮೈ ಸುಡ್ತಿತ್ತು. ನಾನೇ ಎಬ್ಬಿಸಿ ಮಲಗಿಸಿದ್ದು. ಅವಳದೇನೂ ತಪ್ಪಿಲ್ಲ. ಇನ್ನೂ ಒಂದು ಹೇಳ್ತೀನಿ ಕೇಳು. ಹಳೇ ನಕಲು ಬೇಡ, ಒಂದೇ ಸಾಕು ಅಂತ ಒತ್ತಿದ್ದು ನೀನು. ನಾನು ಪಕ್ಕದಲ್ಲೇ ನಿಂತಿದ್ದೆ."

"ಅಮ್ಮ, ಗೊತ್ತಿಲ್ಲದ ವಿಷಯ ಮಾತಾಡ್ಬೇಡ," ಎಂದ ಮಗ. ಮುಖ ಕೆಂಪಗಾಗಿತ್ತು. ಎದ್ದ. ಅಜ್ಜಿ ಕಿರುಚುತ್ತಾನೆಂದು ಕಾದಳು. ಅವನು ಕೈ ತೊಳೆದು ಕಂಪ್ಯೂಟರಿನ ಮುಂದೆ ಹೋಗಿ ಕೂತ. ಆ ಗುರುವಾರದ ವರದಿಯನ್ನು ತೆರೆದ. ಗುಂಡಿಗಳು ಸ್ವಲ್ಪ ಹೊತ್ತು ಟಕಟಕ ಎಂದವು. ಊಟದ ಮೇಜಿನಲ್ಲಿ ಮೂವರೂ ಆ ಸದ್ದನ್ನು ಕೇಳುತ್ತ ಕೂತರು.

"ಲೆಕ್ಕದಿಂದ ತೆಗೆದುಹಾಕಿದೆ," ಎಂದ ಅವನು ಅಲ್ಲಿಂದಲೇ. "ಮೂವತ್ನಾಲ್ಕು ನಿಮಿಷ. ಮಲಗಿದ್ದ ಹೊತ್ತನ್ನ ಕೆಲಸ ಅಂತ ಕಳಿಸಿದೀವಿ, ಅವರಿಗೆ ಗೊತ್ತಾದ್ರೆ ಮುಗೀತು. ಆ ವಾರ ನಿನ್ನದು ಮೂವತ್ತೊಂಬತ್ತೂವರೆಗೆ ಇಳೀತು. ಈ ವಾರ ಅರ್ಧ ಗಂಟೆ ಜಾಸ್ತಿ ಕೂತು ತುಂಬಿಸಿಬಿಡು."

ಸೊಸೆ ಈಗ ತಲೆ ಎತ್ತಿದಳು. "ಅಷ್ಟೇನಾ?"

"ಇನ್ನೇನು?"

ಅವನು ನಿಜವಾಗಿಯೂ ಕೇಳಿದ. ಇನ್ನೇನು ಉಳಿದಿದೆಯೆಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದದ್ದು ಗಂಟಲಿಂದ ಮೇಲೆ ಬರಲಿಲ್ಲವೋ. ಅಜ್ಜ ಏನೋ ಹೇಳಲು ಹೋಗಿ ಕೆಮ್ಮಿದ.

ಸೊಸೆ ತನ್ನ ತಟ್ಟೆ ತೊಳೆದಳು, ಮಾವನ ತಟ್ಟೆ ತೊಳೆದಳು, ಗಂಡನ ತಟ್ಟೆಯನ್ನೂ ತೊಳೆದು ಬೋರಲು ಹಾಕಿದಳು. ಅಜ್ಜಿ ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ಬುಟ್ಟೀಲಿ ನೋಡಿದ ದಿನವೇ ನಿನಗೆ ಗೊತ್ತಾಗಿತ್ತು ಅಲ್ವೇನೇ?" ಎಂದಳು ಅಜ್ಜಿ.

"ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂದ್ಕೊಂಡೆ." ಸೊಸೆ ನಲ್ಲಿ ನಿಲ್ಲಿಸಿದಳು. "ತೂಕ ಇಟ್ಟದ್ದು ನನಗೋಸ್ಕರ ಅಂತ ಗೊತ್ತು ಅತ್ತೆ. ಅದಕ್ಕೆ ನನಗೆ ಬೇಜಾರಿಲ್ಲ. ಆರು ವಾರ ಸುಮ್ಮನಿದ್ದದ್ದು ಯಾರಿಗೋಸ್ಕರ?"

ಸೊಸೆ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಮುಖ ತೊಳೆದು ತಲೆ ಬಾಚಿಕೊಂಡು ಬಂದಳು. ಮೂರೂವರೆ ಆಗಿತ್ತು. ಪುಟ್ಟಿಯನ್ನು ಕರೆತರುವ ಹೊತ್ತು. ಕೈಯಲ್ಲಿ ದಿನವೂ ಒಯ್ಯುವ ಬಟ್ಟೆ ಚೀಲ ಒಂದೇ ಇತ್ತು, ಅದೂ ತುಂಬಿದಂತೆ ಕಾಣಲಿಲ್ಲ. ಮಗ ಸ್ಕ್ರೀನಿನಿಂದ ತಿರುಗಿ, ಬೇಗ ಬಾ, ಇವತ್ತು ಇನ್ನೂ ಮೂರು ಗಂಟೆ ಬಾಕಿ ಇದೆ ಎಂದ. ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು.

"ಹೋಗ್ತೀನಿ ಅತ್ತೆ," ಎಂದಳು.

ಅಜ್ಜಿ ಹೊಸ್ತಿಲ ತನಕ ಬಂದಳು. ಪುಟ್ಟಿಯನ್ನು ಕರೆಯುವ ಹಾಗೆ ವಾಪಸು ಕರೆದು, ಹಾಗನ್ನಬಾರದು, ಬರ್ತೀನಿ ಅನ್ನು ಎಂದು ಹೇಳಬೇಕಿತ್ತು. ಬಾಯಿ ತೆರೆದಳು. ಈ ಸಲವೂ ಮಾತು ಹೊರಡಲಿಲ್ಲ. 'ಅನ್ನು' ಎನ್ನಲು ತನಗೆ ಯಾವ ಮುಖವಿದೆ ಎಂದು ನಿಂತಳು. ಸೊಸೆ ಬೀದಿಯ ತಿರುವಿನಲ್ಲಿ ಬಾತ ಕೈಯನ್ನು ಎದೆಗೆ ಹಿಡಿದುಕೊಂಡು, ಅವಸರವೂ ಇಲ್ಲದೆ ತಡವೂ ಇಲ್ಲದೆ ನಡೆದುಹೋದಳು.

ಶಾಲೆ ಹತ್ತು ನಿಮಿಷದ ದಾರಿ. ಜಗಲಿಯಲ್ಲಿ ಅಜ್ಜ ರಿಪೇರಿ ಮಾಡಿದ ಗಡಿಯಾರ ನಾಲ್ಕು ಹೊಡೆಯಿತು. ನಾಲ್ಕೂವರೆಗೆ ಒಂದು ಹೊಡೆಯಿತು. ಬೀದಿಯ ಉಳಿದ ಮಕ್ಕಳೆಲ್ಲ ಚೀಲ ಎಸೆದು ಆಟಕ್ಕೆ ಇಳಿದಿದ್ದರು.

"ಅಮ್ಮ, ಅವಳು ಎದ್ದು ಎಷ್ಟು ಹೊತ್ತಾಯ್ತು?" ಎಂದು ಮಗ ಒಳಗಿಂದ ಕೂಗಿದ. "ಇಲ್ಲಿ ಕೆಂಪಾಗಿದೆ."

ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು. ಗಡಿಯಾರ ನೋಡದೆಯೇ ಅವಳಿಗೆ ಗೊತ್ತಿತ್ತು, ಎಷ್ಟು ಹೊತ್ತಾಯಿತೆಂದು. ಹೇಳಲಿಲ್ಲ. ಕತ್ತಲಾಗುವ ತನಕ ಬೀದಿಯ ತಿರುವನ್ನು ನೋಡುತ್ತ ಕೂತಳು. ಸೊಸೆಯಾಗಲಿ ಪುಟ್ಟಿಯಾಗಲಿ ಆ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.